ಕಾಯಿ ಕದ್ದವರು ಯಾರು?



ಈ ಮೂರು ನಾಲ್ಕು ತಿಂಗಳಲ್ಲಿ ಕೈಗೆ ಸಿಕ್ಕ ಕತೆ ಕಾದಂಬರಿಗಳನ್ನೆಲ್ಲ ಒಂದೇ ರಾಶಿ ಹಾಕಿಕೊಂಡು ಓದಿದೆ. ಪತ್ತೇದಾರಿ, ಚಾರಿತ್ರಿಕ, ಸಾಮಾಜಿಕ, ದಲಿತ ಕಥನ ಅಂತ ಅಂಗಡಿಯವರು ಬೇರೆ ಬೇರೆ ಕಪಾಟಿನಲ್ಲಿ ಇಡುವಂಥವು. ಕೆಲವನ್ನು ಮೊದಲ ಸಲ ಓದಿದೆ, ಕೆಲವನ್ನು ಎರಡನೇ ಸಲ, ಮೂರನೇ ಸಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕಿನ ನಡುವೆ ಓಡಾಡುವ ಮೇಷ್ಟ್ರಿಗೆ ಓದೋ ಕೋಣೆ ಅಂದರೆ ಬಸ್ಸೇ. ಪುಸ್ತಕದಿಂದ ತಲೆ ಎತ್ತಿದರೆ ತೆಂಗು, ಮತ್ತೆರಡು ಪುಟ ಓದಿ ಎತ್ತಿದರೂ ತೆಂಗು.

ಪಂಡಿತರ ವಿಮರ್ಶೆ ಇದಲ್ಲ. ಅದಕ್ಕೆ ನಮ್ಮ ಸೀಮೆಯಲ್ಲಿ ಕೊರತೆಯೂ ಇಲ್ಲ. ಬಿ.ಎಂ.ಶ್ರೀ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ.ಶ್ರೀ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ರಸ, ಧ್ವನಿ, ಔಚಿತ್ಯ ಎಲ್ಲ ಅಲ್ಲಿವೆ. ಅಲ್ಲಿ ಸಿಗದ ಒಂದು ಪ್ರಶ್ನೆ ಹಿಡಕೊಂಡು ನಾನು ಓದಿದೆ: ಈ ಕತೆ ಯಾರನ್ನ ಅನುಮಾನಿಸ್ತದೆ?

ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆ ತಾನಾಗೇ ಹುಟ್ತದೆ. ರಾತ್ರಿ ಗಾಳಿಗೆ ಕಾಯಿ ಬೀಳ್ತದೆ. ಬೇಲಿ ದಾಟಿ ಉರುಳಿ ಹಳ್ಳ ಸೇರಿದರೆ ಮುಂಜಾನೆ ಸೌದೆಗೆ ಹೋದ ಹೆಂಗಸರ ಕಣ್ಣಿಗೆ ಬೀಳ್ತದೆ. ಎತ್ತಿಕೊಂಡರೆ ಕಳವು. ಬಿಟ್ಟು ಬಂದರೆ, ಆಮೇಲೆ ಇನ್ಯಾರೋ ಎತ್ತಿಕೊಂಡದ್ದಕ್ಕೂ ಇವರ ಮೇಲೇ ಗುಮಾನಿ. ಮರ ಹತ್ತೋರು, ಕೆಡವಿದ ಕಾಯಿ ಹೊರೋರು, ನೆಟ್ಟ ಸಲಾಕೆಗೆ ಹೊಡೆದು ಮಟ್ಟೆ ಸುಲಿಯೋರು, ಅಟ್ಟಕ್ಕೆ ತುಂಬೋರು ಬಹುಪಾಲು ನಮ್ಮ ಜನ, ಇಲ್ಲ ನಮ್ಮಂಥ ಜನ. ಮಾಲು ಮುಟ್ಟೋ ಕೈಗಳೇ ಮೊದಲು ಅನುಮಾನದ ಕೈಗಳು. ಅಟ್ಟದ ಮೇಲೆ ಕಾಯಿ ಹೆಚ್ಚುಕಮ್ಮಿ ಒಂದು ವರ್ಷ ಮಲಗಿ, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿ ಆಗ್ತದೆ. ಆ ವರ್ಷದಲ್ಲಿ ಇಲಿ ತಿಂದದ್ದು, ಕೊಳೆತದ್ದು, ಎಣಿಕೆ ತಪ್ಪಿದ್ದು ಎಲ್ಲಕ್ಕೂ ಒಂದೇ ವಿಳಾಸ, ಅದು ಕೇರಿ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಪ್ಪ ಸುಲಿತಕ್ಕೆ ಹೋಗುತ್ತಿದ್ದ ತೋಟದ ಯಜಮಾನರು ಇಬ್ಬರು ಆಳುಗಳ ಜೊತೆ ಮನೆಗೆ ಬಂದರು. ರಾಶಿಯಲ್ಲಿ ನೂರಕ್ಕೂ ಮೇಲೆ ಕಾಯಿ ಕಮ್ಮಿ ಅಂತೆ. ಅವ್ವನ ಗಡಿಗೆ, ಕಣಜ, ಹುಲ್ಲಿನ ಮೆದೆ ಎಲ್ಲ ತಡಕಾಡಿದರು. ಸಿಕ್ಕಿದ್ದು ಹಬ್ಬಕ್ಕೆ ಅಂತ ಸಂತೆಯಲ್ಲಿ ಕೊಂಡಿದ್ದ ಒಂದು ಕಾಯಿ. ಅದನ್ನು ಅಂಗೈಲಿ ತಿರುಗಿಸಿ ತಿರುಗಿಸಿ ನೋಡಿದರು, ಮೇಲೆ ಹೆಸರು ಬರೆದಿದ್ದೀತೇನೋ ಅನ್ನೋ ಹಾಗೆ. ಅಪ್ಪ ಕೈ ಕಟ್ಟಿಕೊಂಡು "ಬುದ್ದೀ, ನೀವೇ ಎಣಿಸಿ ನೋಡಿ" ಅಂದ. ಮೂರು ದಿನ ಬಿಟ್ಟು ಎಣಿಕೆ ಸರಿಹೋಯಿತಂತೆ, ಒಂದು ಗಾಡಿ ಲೆಕ್ಕಕ್ಕೆ ಬಂದಿರಲಿಲ್ಲವಂತೆ. ಈ ಸುದ್ದಿ ನಮಗೆ ಗೊತ್ತಾದದ್ದು ಆಳುಗಳಿಂದ. ಯಜಮಾನರು ಬಂದು ಹೇಳಲಿಲ್ಲ. ಹೇಳಬೇಕು ಅಂತ ಅಪ್ಪನಿಗೂ ಅನ್ನಿಸಲಿಲ್ಲ. ನನಗೆ ಈಗಲೂ ಸಿಟ್ಟು ಬರೋದು ಈ ಎರಡನೇದಕ್ಕೆ.

ಇದನ್ನು ಎದೆಯಲ್ಲಿಟ್ಟುಕೊಂಡವನು ಪತ್ತೇದಾರಿ ಕಾದಂಬರಿ ಓದಿದರೆ ಹೇಗಿರುತ್ತೆ?

ಎನ್. ನರಸಿಂಹಯ್ಯನವರ ಹಳೆಯ ಪತ್ತೇದಾರಿಗಳ ಒಂದು ಕಟ್ಟು ಸಂತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿತು. ಹೆಚ್ಚು ಶಾಲೆ ಕಾಣದ ಆ ಮನುಷ್ಯ ನೂರಾರು ಕಾದಂಬರಿ ಬರೆದರು, ಪತ್ತೇದಾರ ಪುರುಷೋತ್ತಮನನ್ನು ಹುಟ್ಟಿಸಿದರು. ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಇದೇ ಬಗೆಯ ಕಾದಂಬರಿ ಬರೆದವರು. ನವ್ಯರು ಇವನ್ನು ಸಾಹಿತ್ಯ ಅಂತ ಎಣಿಸಲಿಲ್ಲ. ಎಣಿಸದಿದ್ದರೆ ಕತ್ತೆಬಾಲ. ಅನಾಥಪ್ರಜ್ಞೆಯ ನಾಯಕ ಸಿಗರೇಟು ಸೇದಿಕೊಂಡು ತನ್ನನ್ನು ತಾನು ಹುಡುಕುತ್ತಿದ್ದ ಕಾಲದಲ್ಲಿ, ಗಿರಣಿ ಕಾರ್ಮಿಕರು, ಬಸ್ ಕಂಡಕ್ಟರುಗಳು, ಹೋಟೆಲ್ ಮಾಣಿಗಳಿಗೆ ಕನ್ನಡ ಅಕ್ಷರದ ರುಚಿ ಹತ್ತಿಸಿದ್ದು ಈ ಪುಸ್ತಕಗಳು. ಆ ಋಣ ದೊಡ್ಡದು. ಆದರೆ ಪ್ರಶ್ನೆ ಪ್ರಶ್ನೆಯೇ. ಈ ಬಗೆಯ ಕತೆಯಲ್ಲಿ ಮೊದಲು ಅನುಮಾನ ಬೀಳೋದು ಆಳಿನ ಮೇಲೆ, ಅಡಿಗೆಯವನ ಮೇಲೆ, ಮಾಲಿಯ ಮೇಲೆ. ಪತ್ತೇದಾರ ಬಂದು ಅವನಲ್ಲ ಅಂತ ತೋರಿಸ್ತಾನೆ, ಕೊನೆಗೆ ಕೋಟು ತೊಟ್ಟವನೇ ಕಳ್ಳ ಆಗ್ತಾನೆ. ಓದುವಾಗ ನಮಗೆ ಖುಷಿ. ಆದರೆ ನಡುವೆ ಲಾಕಪ್ಪಿನಲ್ಲಿ ಎರಡು ರಾತ್ರಿ ಕಳೆದ ಮಾಲಿ ಎಲ್ಲಿ ಹೋದ? ಅವನಿಗೆ ಬಿದ್ದ ಏಟಿನ ಲೆಕ್ಕ ಯಾರ ಪುಸ್ತಕದಲ್ಲಿದೆ? ಕಡೇ ಪುಟದಲ್ಲಿ ಪತ್ತೇದಾರನಿಗೆ ಹಸ್ತಲಾಘವ. ಮಾಲಿ ಹೆಸರು ಯಾರಿಗೂ ನೆನಪಿಲ್ಲ.

ಹೆಂಗಸರು ಬರೆದ ಸಾಮಾಜಿಕ ಕಾದಂಬರಿಗಳ ಬಗ್ಗೆ ಮೂಗು ಮುರಿಯೋದು ನಮ್ಮ ಗೆಳೆಯರಲ್ಲೂ ಉಂಟು. ನನಗೆ ಅದು ಸೇರೋದಿಲ್ಲ. ತ್ರಿವೇಣಿಯವರ 'ಶರಪಂಜರ'ದಲ್ಲಿ ಮನಸ್ಸು ಕೆಟ್ಟು ವಾಸಿಯಾಗಿ ಬಂದ ಹೆಂಗಸನ್ನು ಮನೆಯವರೇ ಮತ್ತೆ ಮತ್ತೆ ಅನುಮಾನದಿಂದ ನೋಡುವುದಿದೆಯಲ್ಲ, ಅದು ನಮಗೆ ಗೊತ್ತಿರೋ ನೋಟವೇ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (೧೯೭೬) ಮಡಿಯ ಒಳಗೇ ಇದ್ದುಕೊಂಡು ಮಡಿಯ ಕ್ರೌರ್ಯ ತೋರಿಸ್ತದೆ. ಇವರ ಹಿಂದೆ ಬಂದ ನೂರೆಂಟು ಧಾರಾವಾಹಿಗಳಲ್ಲಿ ಮಾತ್ರ ಹಳೇ ಚಾಳಿ ಹಾಗೇ ಇದೆ. ಮನೆಯಲ್ಲಿ ಸರ ಕಳೆದರೆ ಎಲ್ಲರ ಕಣ್ಣೂ ಪಾತ್ರೆ ತೊಳೆಯೋಳ ಮೇಲೆ.

ತ.ರಾ.ಸು. ಅವರ 'ದುರ್ಗಾಸ್ತಮಾನ' (೧೯೮೨) ದಪ್ಪ ಪುಸ್ತಕ, ಒಂದು ತಿಂಗಳು ಹಿಡಿಯಿತು. ೧೭೭೯ರಲ್ಲಿ ಹೈದರಾಲಿಗೆ ಬಿದ್ದ ಚಿತ್ರದುರ್ಗದ ಕತೆ. ನಮ್ಮ ಶಾಲೆಯ ನಾಯಕರ ಹುಡುಗರು ಮದಕರಿ ಹೆಸರು ಕೇಳಿದರೆ ಎದೆ ಸೆಟೆಸ್ತಾರೆ, ಸೆಟೆಸಲಿ. ನನಗೆ ಬೇಕಾದ್ದು ಕಿಂಡಿ ಕಾಯುತ್ತಿದ್ದವನ ಹೆಂಡತಿ ಓಬವ್ವ. ಕೋಟೆ ಉಳಿಸಲು ಕೇರಿಯವಳ ಒನಕೆ ಬೇಕು, ಕೋಟೆಯ ಒಳಸುತ್ತಿಗೆ ಅವಳು ಬೇಡ. ಚರಿತ್ರೆಯ ಕಾದಂಬರಿಕಾರರೆಲ್ಲ ಈ ಕಿಂಡಿ ಹತ್ತಿರ ಒಂದು ಗಳಿಗೆ ನಿಲ್ತಾರೆ, ಆಮೇಲೆ ಅರಮನೆಗೆ ವಾಪಸ್.

ಇನ್ನು ಎಸ್.ಎಲ್. ಭೈರಪ್ಪ. ೨೦೨೫ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು, ಅಂದರೆ ನಮ್ಮ ಬೇಲಿ ಆಚೆಯವರು. ಅವರ ವಿಚಾರಗಳ ಜೊತೆ ನಮ್ಮ ಜಗಳ ಹಳೇದು, ಅವರು ತೀರಿಕೊಂಡರು ಅಂತ ಅದು ಮುಗಿಯೋದಿಲ್ಲ. ಆದರೂ 'ಗೃಹಭಂಗ' (೧೯೭೦) ಮತ್ತೆ ಓದಿದಾಗ ಎರಡು ದಿನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಕೆಲಸಕ್ಕೆ ಬಾರದ ಗಂಡನ ಶಾನುಭೋಗಿಕೆ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ, ಮಕ್ಕಳ ಹೊಟ್ಟೆ ಹೊರೆಯುವ ನಂಜಮ್ಮ. ಪ್ಲೇಗಿಗೆ ಎರಡು ಮಕ್ಕಳನ್ನು ಒಟ್ಟಿಗೆ ಕಳಕೊಳ್ಳುವ ನಂಜಮ್ಮ. ಹಸಿವು ಬ್ರಾಹ್ಮಣರ ಮನೆಯಲ್ಲೂ ಹಸಿವೇ ಅನ್ನೋದನ್ನ ಅನುಮಾನ ಇಲ್ಲದೆ ಒಪ್ಪಬೇಕು. ನಮ್ಮ ಸೀಮೆ ಮಾತು, ನಮ್ಮ ಸೀಮೆ ಬೈಗುಳ, ನಮ್ಮ ಸೀಮೆ ಧೂಳು ಅಷ್ಟು ದಟ್ಟವಾಗಿ ಬಂದ ಕಾದಂಬರಿಯನ್ನು ನಾನು ಇನ್ನೊಂದು ಓದಿಲ್ಲ.

ಆದರೆ ನೋಡಿ, ಆ ಕಾದಂಬರಿಯಲ್ಲಿ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕ್ಕೊಳ್ತಾರೆ. ಗುಡಿಸಲಲ್ಲಿ ಮಳೆ, ಚಳಿ, ಹಾವು, ಕತ್ತಲು. ಊರಾಚೆ ಬಾಳೋದು ಎಷ್ಟು ಕಷ್ಟ ಅನ್ನೋದು ಓದುಗನಿಗೆ ಚೆನ್ನಾಗಿ ತಟ್ತದೆ. ನಾನು ಅಲ್ಲಿ ಪುಸ್ತಕ ಮಡಿಸಿ ಬಸ್ಸಿನ ಕಿಟಕಿ ಆಚೆ ನೋಡಿದೆ. ಊರಿನವರು ಕೆಲವು ತಿಂಗಳು ಊರಾಚೆ ಇದ್ದದ್ದು ಕಾದಂಬರಿ ಆಯಿತು. ನೂರಾರು ವರ್ಷ ಅಲ್ಲೇ ಇದ್ದವರ ಕೇರಿ ಆ ಕಾದಂಬರಿಯಲ್ಲಿ ದೂರದ ಹೊಗೆ.

'ದಾಟು' ಬೇರೆ ಬಗೆ. ಇಲ್ಲಿ ಜಾತಿಯೇ ವಸ್ತು. ಪೂಜಾರಿ ಮಗಳು ಸತ್ಯಭಾಮ, ಗೌಡರ ಮಗ ಶ್ರೀನಿವಾಸ, ದಲಿತ ಬೆಟ್ಟಯ್ಯ, ಅವನ ಮಗ ಮೋಹನದಾಸ, ಮಗಳು ಮೀರಾ. ಎಲ್ಲ ಜಾತಿಯ ಒಳಮನೆಗೂ ಕಾದಂಬರಿಕಾರ ನುಗ್ತಾರೆ, ಅದು ಧೈರ್ಯವೇ. ೧೯೭೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ನಮ್ಮವರ ಪಾಲಿಗೆ ಏನು ಉಳೀತು? ತಗ್ಗಿ ನಡೆಯೋ ಅಪ್ಪನಿಗೆ ಕಾದಂಬರಿಕಾರರ ಮರುಕ. ಮೀರಾಗೆ ಸಾವು. ಸಿಟ್ಟಿನ ಮೋಹನದಾಸನ ಕೈಗೆ ಕೆರೆ ಒಡೆಯೋ ಸಿಡಿಮದ್ದು. ಸತ್ಯಭಾಮಳಿಗೆ ಮಾತ್ರ ಯೋಚನೆ ಮಾಡುವ ಹಕ್ಕು, ನೂರಾರು ಪುಟ. ಸಿಟ್ಟಾದ ದಲಿತ ಹುಡುಗ ಒಡೆಯೋದಕ್ಕೇ ಹುಟ್ಟಿದವನು ಅನ್ನೋದು ನಮ್ಮೂರ ಪಂಚಾಯ್ತಿ ಕಟ್ಟೆ ಮೇಲೂ ಕೇಳೋ ಮಾತು. ದೊಡ್ಡ ಕಾದಂಬರಿಕಾರರು ಪಂಚಾಯ್ತಿ ಕಟ್ಟೆಗಿಂತ ಮುಂದೆ ಹೋಗಬೇಕಿತ್ತು.

೧೯೭೩ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದದ್ದು, ಅದಕ್ಕೆ ಊರೂರಲ್ಲಿ ಗಲಾಟೆ ಎದ್ದದ್ದು, ಹಾಸ್ಟೆಲಿನ ನಮ್ಮ ಹುಡುಗರಿಗೆ ಏಟು ಬಿದ್ದದ್ದು, ಅವರು ಮಂತ್ರಿ ಪದವಿ ಕಳಕೊಂಡದ್ದು ನಿಮಗೆಲ್ಲ ಗೊತ್ತು. ನಮ್ಮ ಕಡೆ ದನ ಸಾಕಿದವರಿಗೆ ಬೂಸಾ ಬೈಗುಳವೇ ಅಲ್ಲ. ಬೂಸಾ, ಕೊಬ್ಬರಿ ಹಿಂಡಿ ಇಟ್ಟರೆ ಹಸ ಹಾಲು ಕೊಡ್ತದೆ. ಕಾದಂಬರಿ ತಿಂದ ಓದುಗ ಏನು ಕೊಟ್ಟ ಅನ್ನೋದೇ ಬಸವಲಿಂಗಪ್ಪನವರ ಪ್ರಶ್ನೆ ಅಂತ ನಾನು ತಿಳಕೊಂಡಿದ್ದೇನೆ. ಅದಕ್ಕೆ ಕಲ್ಲಿನಲ್ಲಿ ಉತ್ತರ ಕೊಟ್ಟವರಿದ್ದರು. ಕತೆಯಲ್ಲಿ ಉತ್ತರ ಕೊಟ್ಟವರೂ ಇದ್ದರು. ಅದೇ ವರ್ಷ ದೇವನೂರ ಮಹಾದೇವರ 'ದ್ಯಾವನೂರು' ಬಂತು.

ಅವರ 'ಒಡಲಾಳ'ವನ್ನು ಈ ಸಲ ನಾನು ಪತ್ತೇದಾರಿ ಕತೆ ಅಂತ ಓದಿದೆ. ನಗಬೇಡಿ. ಪತ್ತೇದಾರಿಗೆ ಬೇಕಾದ ಸಾಮಾನೆಲ್ಲ ಅಲ್ಲಿದೆ. ಸಾಕವ್ವನ ಹುಂಜ ಕಾಣೆಯಾಗಿದೆ. ಸಾಹುಕಾರರ ಕಳ್ಳೇಕಾಯಿ ಮೂಟೆ ಹೋಗಿದೆ. ಪೊಲೀಸರು ಬರ್ತಾರೆ, ಮನೆ ಶೋಧ ಮಾಡ್ತಾರೆ. ಆದರೆ ಕತೆಗಾರ ನಮ್ಮನ್ನು ಪತ್ತೇದಾರನ ಪಕ್ಕ ನಿಲ್ಲಿಸೋದಿಲ್ಲ. ಹಿಂದಿನ ರಾತ್ರಿಯೇ ಬೆಂಕಿ ಸುತ್ತ ಮಕ್ಕಳು ಮರಿ ಜೊತೆ ಕೂರಿಸಿ ಕಳ್ಳೇಕಾಯಿ ತಿನ್ನಿಸಿಬಿಟ್ಟಿರ್ತಾನೆ. ಯಾರು ಕದ್ದರು ಅನ್ನೋದು ನಮಗೆ ಗೊತ್ತು, ಆದರೂ ಪೊಲೀಸರು ಬಂದಾಗ ನಮ್ಮ ಎದೆ ಹೊಡಕೊಳ್ಳೋದು ಆ ಮನೆಯವರಿಗಾಗಿ. ತಿಂದ ಓದುಗನೂ ಕಳ್ಳನೇ ಈಗ. ಗೋಡೆ ಮೇಲೆ ಆ ಮನೆ ಹೆಣ್ಣುಮಗಳು ಬರೆದ ನವಿಲು ನಿಂತಿರ್ತದೆ. ಕಾನೂನು ಆ ಮನೆಯೊಳಗೆ ಹುಡುಕಿದ್ದು ಕಳ್ಳೇಕಾಯಿ, ಅಲ್ಲಿದ್ದದ್ದು ನವಿಲು.

ಇದನ್ನು ನಮ್ಮ ಚಿಕ್ಕವ್ವನಿಗೆ ಓದಿ ಹೇಳಿದೆ. ಆಕೆ ನಾರಿನ ಫ್ಯಾಕ್ಟರಿಗೆ ಹೋಗ್ತಾಳೆ, ಸಂಜೆ ಬಂದರೆ ಕೂದಲು, ರೆಪ್ಪೆ, ಸೆರಗೆಲ್ಲ ಮಟ್ಟೆ ಧೂಳು. ಅಕ್ಷರ ಬಾರದು. ನಂಜನಗೂಡು ಸೀಮೆ ಮಾತು ಮೊದಮೊದಲು ಆಕೆಗೆ ನಗು ತರಿಸ್ತು. ಕಳ್ಳೇಕಾಯಿ ತಿನ್ನೋ ಕಡೆ ಬಂದಾಗ ಸುಮ್ಮನಾದಳು. ಆಮೇಲೆ ಕೇಳಿದಳು:

"ಸಿಪ್ಪೆ ಏನ್ ಮಾಡುದ್ರಪ್ಪ?"

"ಬೆಂಕಿಗಾಕುದ್ರು ಚಿಕ್ಕವ್ವ."

"ಪುಣ್ಯವಂತ್ರು ಕಣಪ್ಪ. ಕಡ್ಲೆಕಾಯ್ ಸಿಪ್ಪೆ ಒಂದ್ ಗಳ್ಗೆಗೆ ಉರ್ದು ಬೂದಿಯಾಗ್ತೈತೆ. ನಮ್ ಕಾಯಿ ಮಟ್ಟೆ ಎಲ್ಲಿ ಬಚ್ಚಿಡಾನ? ಬೆಂಕಿಗಾಕುದ್ರೆ ಒಗೆ ಊರಿಗೆಲ್ಲ ಕಾಣ್ತೈತೆ. ಕರಟ ಬ್ಯಾರೆ ಉಳ್ಕಂತೈತೆ."

ಯಾವ ವಿಮರ್ಶಕರೂ 'ಒಡಲಾಳ'ದ ಬಗ್ಗೆ ಇಷ್ಟು ಹತ್ತಿರದ ಮಾತು ಹೇಳಿದ್ದನ್ನು ನಾನು ಓದಿಲ್ಲ. ಸಾಕ್ಷಿ ಸುಡೋದು ಎಷ್ಟು ಹೊತ್ತಿನ ಕೆಲಸ ಅಂತ ಆಕೆ ಲೆಕ್ಕ ಹಾಕಿದಳು. ಯಾರ ಪರ ನಿಲ್ಲಬೇಕು ಅನ್ನೋ ಪ್ರಶ್ನೆಯೇ ಆಕೆಗೆ ಬರಲಿಲ್ಲ.

ಗ್ರಾಮಾಂತರದ ಮೇಷ್ಟ್ರುಗಳಿಗೆ ಇಲ್ಲೊಂದು ಮಾತು. 'ಕುಸುಮಬಾಲೆ' (೧೯೮೪) ಅರ್ಥವಾಗೋಲ್ಲ ಅಂತ ನಿಮ್ಮಲ್ಲಿ ಎಷ್ಟೋ ಜನ ಬದಿಗಿಟ್ಟಿದ್ದೀರಿ. ಕಣ್ಣಲ್ಲಿ ಓದಿದರೆ ಅದು ಬಿಡೋದಿಲ್ಲ. ಬಾಯಲ್ಲಿ ಓದಿ. ಮಂಚ ಮಾತಾಡ್ತದೆ, ದೀಪದ ಜೋತಮ್ಮಂದಿರು ಸೇರಿ ಮನೆಮನೆ ಸುದ್ದಿ ಹೇಳ್ಕೊಳ್ತಾರೆ. ಇದನ್ನ ಲ್ಯಾಟಿನ್ ಅಮೆರಿಕದ ಮಾಯಾವಾಸ್ತವ ಅಂತ ಪೇಟೆ ಗೆಳೆಯರು ಅಂದರು. ನಮ್ಮ ಅವ್ವಂದಿರು ದೀಪ ಆರಿಸುವಾಗ ಏನು ಮಾತಾಡ್ತಿದ್ದರು ಅಂತ ಅವರು ಕೇಳಿಲ್ಲ. ಕೊಂದವರು ಕೊಲೆ ಮುಚ್ಚಿಟ್ಟಾಗ, ಊರು ಬಾಯಿ ಮುಚ್ಚಿಕೊಂಡಾಗ, ಮಂಚ ದೀಪಗಳೇ ಮಾತಾಡಬೇಕಲ್ಲ? ಅಲ್ಲಿ ಪತ್ತೇದಾರ ಇಲ್ಲ, ಯಾಕಂದರೆ ದೂರು ಕೊಡುವವರೇ ಇಲ್ಲ.

ಪೂರ್ಣಚಂದ್ರ ತೇಜಸ್ವಿ ನಮ್ಮ ಹುಡುಗರಿಗೆ ಅಚ್ಚುಮೆಚ್ಚು. 'ಕರ್ವಾಲೊ' (೧೯೮೦) ವಿಜ್ಞಾನದ ಕತೆಯೂ ಹೌದು, ಕಾಡಿನ ಸಾಹಸವೂ ಹೌದು. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನೇ ಹಾರುವ ಓತಿ ಕಂಡವನು, ದೊಡ್ಡ ವಿಜ್ಞಾನಿ ಅವನ ಹಿಂದೆ ನಡೀತಾರೆ. ಅನುಮಾನಕ್ಕೆ ಒಳಗಾಗುವವನೇ ಬಲ್ಲವನು ಅಂತ ತೋರಿಸಿದ ಈ ಪುಸ್ತಕವನ್ನು ನಾನು ಪ್ರತಿ ವರ್ಷ ಓದಿಸ್ತೇನೆ. 'ಜುಗಾರಿ ಕ್ರಾಸ್' (೧೯೯೪) ಪಕ್ಕಾ ರೋಚಕ ಕಾದಂಬರಿ. ಏಲಕ್ಕಿ ಬೆಳೆದ ಸುರೇಶ, ಗೌರಿ ಮಾರುಕಟ್ಟೆಗೆ ಹೋಗಿ ತಮಗೆ ಗೊತ್ತೇ ಇಲ್ಲದ ಜಾಲದೊಳಗೆ ಸಿಕ್ಕಿಬೀಳ್ತಾರೆ. ಅಲ್ಲಿ ಕಳ್ಳತನ ಬೇಲಿ ಹಾರೋದಿಲ್ಲ, ತಕ್ಕಡಿ ಹಿಡಿದು ಹಾಡಹಗಲೇ ಕೂತಿರ್ತದೆ. ಸಣ್ಣ ಹಿಡುವಳಿದಾರರು ಇದನ್ನ ಓದಬೇಕು. ಆದರೆ ಏಲಕ್ಕಿ ಬಿಡಿಸೋ ಹೆಂಗಸರ ಮನೆ ದೀಪ ತೇಜಸ್ವಿಯವರ ರಾತ್ರಿಯಲ್ಲೂ ಕಾಣಲಿಲ್ಲ.

ಹಾಸನದ ಬಾನು ಮುಷ್ತಾಕ್ ನಮ್ಮ ಬಂಡಾಯದ ಸಭೆಗಳಿಂದಲೇ ಬಂದವರು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಕತೆಗಳಿಗೆ ೨೦೨೫ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ, ಎಷ್ಟೋ ಜನ ಯಾರಿವರು ಅಂತ ಕೇಳಿದರು. 'ಹೆಜ್ಜೆ ಮೂಡಿದ ಹಾದಿ' ೧೯೯೦ರಲ್ಲೇ ಬಂದಿತ್ತು. ಅವರ 'ಕರಿ ನಾಗರಗಳು' ಮತ್ತೆ ಓದಿದೆ. ಹೆಣ್ಣು ಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟವಳು ಕಾಯಿಲೆ ಮಗು ಕಟ್ಟಿಕೊಂಡು ಮಸೀದಿ ಮುಂದೆ ನ್ಯಾಯ ಕೇಳ್ತಾಳೆ. ಮುತವಲ್ಲಿಗೆ ಪುರುಸೊತ್ತಿಲ್ಲ. ಅಲ್ಲಿ ಕದ್ದದ್ದು ಕಾಯಿಯಲ್ಲ, ಶರೀಯತ್ತು ಅವಳಿಗೆ ಕೊಟ್ಟಿದ್ದ ಹಕ್ಕು. ಕದ್ದವರು ಅದರ ಕಾವಲಿಗೆ ಕೂತವರೇ. ಅದೇ ವರ್ಷ ಅವರು ಮೈಸೂರು ದಸರಾ ಉದ್ಘಾಟಿಸಬಾರದು ಅಂತ ಕೆಲವರು ಸುಪ್ರೀಂ ಕೋರ್ಟಿನ ತನಕ ಹೋದರು. ಅರ್ಜಿ ಬಿದ್ದುಹೋಯಿತು, ಸೆಪ್ಟೆಂಬರ್ ೨೨ರಂದು ಅವರು ಉದ್ಘಾಟಿಸಿದರು. ಐವತ್ತು ವರ್ಷ ಕನ್ನಡದಲ್ಲಿ ಬದುಕಿದ ಹೆಣ್ಣುಮಗಳ ಮನೆಯನ್ನೂ ಕೊನೆಗೆ ತಡಕಿ ನೋಡುವವರು ಇದ್ದೇ ಇರ್ತಾರೆ.

ನಮ್ಮ ನೆಲದವರೇ ಆದ ಎಸ್. ಗಂಗಾಧರಯ್ಯನವರ ಕತೆಗಳಲ್ಲಿ ಈ ಸೀಮೆಯ ಮಣ್ಣು, ಮಾತು ಇದೆ. ಗುರುಪ್ರಸಾದ್ ಕಂಟಲಗೆರೆಯವರ 'ಟ್ರಂಕು ತಟ್ಟೆ' ಕತೆಯಲ್ಲ, ಹಾಸ್ಟೆಲಿನ ಅನುಭವ. ಹಾಸ್ಟೆಲಿನಲ್ಲಿ ಓದಿದ ಯಾರಿಗೂ ಆ ಹೆಸರೇ ಸಾಕು. ಇಷ್ಟಿದ್ದೂ ಕೊಬ್ಬರಿಯ ಕಾದಂಬರಿ ನಾನು ಓದಿದ್ದರಲ್ಲಿ ಇನ್ನೂ ಬಂದಿಲ್ಲ. ೨೦೨೫ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ೧೨,೧೦೦ ರೂಪಾಯಿ ಅಂತ ಕೇಂದ್ರ ಸರ್ಕಾರ ಬೆಂಬಲ ಬೆಲೆ ಕಟ್ಟಿತು. ಮರ ಹತ್ತೋನ ಸೊಂಟಕ್ಕೆ, ಮಟ್ಟೆ ಸುಲಿಯೋನ ಅಂಗೈಗೆ, ಚಿಕ್ಕವ್ವನ ಎದೆಯೊಳಗೆ ಹೋದ ಧೂಳಿಗೆ ಯಾರೂ ಬೆಲೆ ಕಟ್ಟಲಿಲ್ಲ. ತಿಪಟೂರಿನ ಹರಾಜುಕಟ್ಟೆಯಲ್ಲಿ ಬೆಲೆ ಏರಿದ ದಿನ ನಮ್ಮ ಕಡೆ ತೋಟದ ಕಾವಲೂ ಏರ್ತದೆ. ರಾತ್ರಿ ಟಾರ್ಚಿನ ಬೆಳಕು ಮೊದಲು ಬೀಳೋದು ಕೇರಿ ದಾರಿಗೆ.

ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡು ಒಂದು ಕತೆ ಶುರು ಮಾಡಿದ್ದಾಳೆ. 'ಅಟ್ಟ' ಅಂತ ಹೆಸರಿಟ್ಟಿದ್ದಾಳೆ. ಅಟ್ಟದ ಮೇಲೆ ಕತ್ತಲಲ್ಲಿ ಕಾಯಿ ಮಗುಚಲು ಹತ್ತಿದ ಹೆಂಗಸು ಕೆಳಗೆ ಯಜಮಾನರ ಮನೆ ಲೆಕ್ಕದ ಮಾತು ಕೇಳಿಸಿಕೊಳ್ಳುವಲ್ಲಿಗೆ ಕತೆ ನಿಂತಿದೆ. ಮುಂದೆ ಆಕೆ ಇಳಿದು ಬರುವಾಗ ಸೆರಗು ಕೊಡವಿ ತೋರಿಸಬೇಕೋ ಬೇಡವೋ ಅಂತ ಹುಡುಗಿ ನನ್ನ ಕೇಳಿದಳು. ನಿಮ್ಮಮ್ಮನ್ನ ಕೇಳು ಅಂದೆ. ಸದ್ಯಕ್ಕೆ ಎರಡು ಪುಟ ಆಗಿದೆ. ಮುಗಿದ ಮೇಲೆ ಕಳಿಸ್ತೀನಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರಿ.